ವೀರಗಲ್ಲಿಗೆ ಅರ್ಹರಾರು?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣಗಳ ನಡುವೆ ಇರುವ ಕೆಂಗಲ್ ತನ್ನ ಹೆಸರಿನಲ್ಲಿಯೇ ಕಲ್ಲನ್ನು ಹೊತ್ತಿದೆ. ಇದರ ಸುತ್ತಣ ಸೀಮೆಯ ವೀರಗಲ್ಲುಗಳನ್ನು ನೋಡಿದಾಗ ನಮ್ಮಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೋರಾಡಿದವರೆಲ್ಲರಿಗೂ ಕಲ್ಲು ದೊರೆಯಲಿಲ್ಲ, ದೊರೆತವರನ್ನು ಅದಕ್ಕೆ ಅರ್ಹರೆಂದು ನಿರ್ಣಯಿಸಿದವರು ಯಾರು?

ಅಮೆರಿಕದ ಬೇಸ್‌ಬಾಲ್ ಆಟಗಾರರ ಕೀರ್ತಿಮಂದಿರಕ್ಕೆ 1936ರಲ್ಲಿ ಮೊದಲ ಆಯ್ಕೆ ನಡೆಯಿತು. ಈಗಿನ ನಿಯಮದಂತೆ ಹತ್ತು ಋತುಗಳಾದರೂ ಆಡಿ, ನಿವೃತ್ತನಾಗಿ ಐದು ವರ್ಷ ಕಳೆದವನು ಪತ್ರಕರ್ತರ ಮತಗಳಲ್ಲಿ ನೂರಕ್ಕೆ 75ನ್ನು ಪಡೆಯಬೇಕು. ಅಲ್ಲಿ ಇಡೀ ಜೀವಮಾನದ ಅಂಕಿಗಳನ್ನು ತೂಗುತ್ತಾರೆ. ನಮ್ಮ ವೀರಗಲ್ಲು ತೂಗುವುದು ಸಾಮಾನ್ಯವಾಗಿ ಒಂದೇ ದಿನವನ್ನು, ಅದೂ ಕೊನೆಯ ದಿನವನ್ನು. ತುರುಗಳನ್ನು ಮರಳಿಸಿ ಜೀವಸಹಿತ ಮನೆಗೆ ಬಂದವನಿಗಿಂತ, ಮರಳಿಸುವಾಗ ಮಡಿದವನಿಗೆ ಕಲ್ಲಿನ ಹಕ್ಕು ಹೆಚ್ಚು.

ಬೇಗೂರಿನ ಶಾಸನವನ್ನು ನೋಡೋಣ. ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾಡಿಯಲ್ಲಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದನು. ಅದನ್ನು ಮೆಚ್ಚಿದ ಗಂಗ ಅರಸ ಎರೆಯಪ್ಪನು ನಾಗತ್ತರ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟನು. ಇಲ್ಲಿ ತೀರ್ಪುಗಾರನು ಒಡೆಯನೇ. ಕೀರ್ತಿ ಸತ್ತವನದು, ಭೂಮಿ ಉಳಿದವನದು.

ಚನ್ನಪಟ್ಟಣದಿಂದ ಮುಂದೆ ಮದ್ದೂರು ಸೀಮೆಯ ಆತಕೂರಿನ ಶಾಸನವು (ಶಕ 872, ಅಂದರೆ ಕ್ರಿ.ಶ. 949–50) ಇನ್ನೂ ಕುತೂಹಲಕರವಾದುದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗ ಬೂತುಗನು ಮೆಚ್ಚಿದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ಬೆಳತೂರ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಗಾಗಿ ದೇವಾಲಯದ ಮುಂದೆ ಕಲ್ಲು ನೆಟ್ಟು ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂಬ ಕಟ್ಟುಪಾಡೂ ಉಂಟು. ಮಣಲೇರನಿಗೂ ಆತಕೂರು ಹನ್ನೆರಡು ದೊರೆಯಿತೆನ್ನಿ; ಆದರೆ ಶಿಲ್ಪದಲ್ಲಿ ನಮಗೆ ಕಾಣುವುದು ನಾಯಿಹಂದಿಗಳ ಹೋರಾಟವೇ. ಕುಲವಾಗಲಿ ಪದವಿಯಾಗಲಿ ಇಲ್ಲದ ಪ್ರಾಣಿಯೂ ಈ ಅಳತೆಗೆ ಸಂದಿತು.

ಆದರೆ ಇದೇ ಶಾಸನವನ್ನು ಓದುವಾಗ ನಾವು ಎಚ್ಚರಿಕೆಯಿಂದಿರಬೇಕು. ಚೋಳ ರಾಜಾದಿತ್ಯನನ್ನು ಕೊಂದವನು ಬೂತುಗನೆಂದು ಅದು ಹೇಳುತ್ತದೆ. ಚೋಳರ ಲೈಡನ್ ತಾಮ್ರಪಟವು ರಾಷ್ಟ್ರಕೂಟ ಕೃಷ್ಣನ ಬಾಣಕ್ಕೆ ಅವನು ಆನೆಯ ಮೇಲೆಯೇ ಬಿದ್ದನೆನ್ನುತ್ತದೆ. ಒಂದು ಗೆದ್ದವರ ಮಾತು, ಇನ್ನೊಂದು ಸೋತವರದು. ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮುನ್ನೂರು ಮೊದಲಾದ ನಾಡುಗಳನ್ನು ಕೃಷ್ಣನಿಂದ ಪಡೆದ ಬೂತುಗನ ಹೆಸರನ್ನು ಅವನ ಆಳಿನ ಕಲ್ಲು ಮೇಲಕ್ಕೆತ್ತಿದರೆ ಆಶ್ಚರ್ಯವೇನು? ಆದುದರಿಂದ ತಕ್ಕೋಲದ ವಿಷಯದಲ್ಲಿ ಕಲ್ಲಿನ ಸಾಕ್ಷ್ಯವೊಂದನ್ನೇ ನಾವು ನಂಬಲಾರೆವು. ಬೆಳತೂರ ಬೆಟ್ಟದ ವಿಷಯದಲ್ಲಿ ನಂಬಲು ಅಡ್ಡಿಯಿಲ್ಲ, ನಾಯಿಯ ಪರವಾಗಿ ಸುಳ್ಳಾಡಿ ಯಾರಿಗೂ ನಾಡು ದೊರೆಯುವಂತಿರಲಿಲ್ಲ.

ಎರಡೂ ಕಲ್ಲುಗಳು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ.