ಹೊಸ ಕಿಡ್ನಿ, ಹಳೆಯ ಸುಣ್ಣ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮನೆಗಳಲ್ಲಿ ಕಿಡ್ನಿ ಕಸಿಯ ಮಾತು ಬಂದರೆ ಪುಣೆಯ ಹೆಸರು ಬರುತ್ತದೆ. ಕಸಿಯಾದ ಮೇಲೆ ಮನೆಯವರ ಕಣ್ಣೆಲ್ಲ ಕಿಡ್ನಿಯ ಕೆಲಸ ತೋರುವ ಕ್ರಿಯಾಟಿನಿನ್ ಮೇಲೆ. ಅದು ಸರಿಯಿದ್ದರೆ ನೆಮ್ಮದಿ. ಆದರೆ ಡಯಾಲಿಸಿಸ್ ವರ್ಷಗಳಲ್ಲಿ ಹೃದಯದ ಕವಾಟಕ್ಕೆ ಹತ್ತಿದ ಸುಣ್ಣ (ಕ್ಯಾಲ್ಸಿಯಂ) ಹೊಸ ಕಿಡ್ನಿ ಬಂತೆಂದು ಕರಗುವುದಿಲ್ಲ. ಕಸಿಯಾದವರ ಜೀವ ತೆಗೆಯುವ ಮುಖ್ಯ ಕಾಯಿಲೆಗಳಲ್ಲಿ ಹೃದಯದ್ದೂ ಒಂದು. ಆ ಸುಣ್ಣದ ಸುಳಿವನ್ನು ರಕ್ತದಲ್ಲೇ ಹಿಡಿಯುವ ಹುಡುಕಾಟದ ಕಥೆ ಇದು.

1855ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ವಿರ್ಚೋ, ಮೂಳೆಯಿಂದ ಕಳಚಿದ ಸುಣ್ಣ ಬೇರೆ ಅಂಗಗಳಲ್ಲಿ ಹೋಗಿ ಕೂರುವುದನ್ನು ವಿವರಿಸಿದ್ದ. 1904ರಲ್ಲಿ ಮೋಂಕೆಬರ್ಗ್ ಮಹಾಪಧಮನಿ ಕವಾಟ ಗಟ್ಟಿಯಾಗುವ ಬಗೆಯನ್ನು ಬರೆದ. ಅದು ವಯಸ್ಸಿನ ಸವೆತವಷ್ಟೇ ಎಂಬ ನಂಬಿಕೆ ಬಹುಕಾಲ ಉಳಿಯಿತು. ಅದನ್ನು ಅಲುಗಿಸಿದ್ದು ಇಲಿಗಳು. ಮ್ಯಾಟ್ರಿಕ್ಸ್ ಜಿಎಲ್‌ಎ ಎಂಬ ಪ್ರೋಟೀನ್ ಇಲ್ಲದೆ ಹುಟ್ಟಿದ ಇಲಿಗಳ ರಕ್ತನಾಳಗಳು ಸುಣ್ಣಗಟ್ಟಿ ಒಡೆದು, ಅವು ಎರಡು ತಿಂಗಳೊಳಗೆ ಸತ್ತವೆಂದು 1997ರಲ್ಲಿ ವರದಿಯಾಯಿತು. ಸುಣ್ಣ ಕೂರದಂತೆ ದೇಹ ಹಗಲಿರುಳು ತಡೆಯುತ್ತಿರುತ್ತದೆ ಎಂದಾಯಿತು. 2001ರಲ್ಲಿ ಮೋಹ್ಲರ್ ತಂಡ 347 ಕವಾಟಗಳನ್ನು ಪರೀಕ್ಷಿಸಿದಾಗ ನೂರಕ್ಕೆ 13ರಲ್ಲಿ ಬಲಿತ ಮೂಳೆಯೇ ಸಿಕ್ಕಿತು. ಹೃದಯದೊಳಗೆ ಮೂಳೆ!

ಅಲ್ಲಿಂದ ರಕ್ತದ ಸೂಚಕಗಳ ಸಾಲೇ ಹೊರಟಿತು. ಏರಿದ ಫಾಸ್ಫೇಟ್ ನಾಳದ ಸ್ನಾಯುಕೋಶಗಳನ್ನು ಮೂಳೆಕೋಶದ ದಾರಿಗೆ ತಿರುಗಿಸುತ್ತದೆಂದು 2000ದಲ್ಲಿ ತಿಳಿಯಿತು. ಸುಣ್ಣ ಕೂರದಂತೆ ತಡೆಯುವ ರಕ್ತದ ಪ್ರೋಟೀನ್ ಫೆಟ್ಯುಯಿನ್-ಎ ಕಡಿಮೆಯಿದ್ದ ಡಯಾಲಿಸಿಸ್ ರೋಗಿಗಳಲ್ಲಿ ಸಾವು ಹೆಚ್ಚೆಂದು 2003ರಲ್ಲಿ ಗೊತ್ತಾಯಿತು. ಕಸಿಯಾದವರಲ್ಲಿ ಫಾಸ್ಫೇಟನ್ನು ಹೊರಹಾಕಿಸುವ ಹಾರ್ಮೋನ್ ಎಫ್‌ಜಿಎಫ್-23 ಏರಿದ್ದರೆ ಸಾವಿನ ಅಪಾಯವೂ ಕಸಿ ಕೈಕೊಡುವ ಅಪಾಯವೂ ಹೆಚ್ಚೆಂದು 2011ರಲ್ಲಿ ಹಂಗೇರಿಯ ರೋಗಿಗಳ ಅಧ್ಯಯನ ತೋರಿಸಿತು. 2012ರಲ್ಲಿ ಬಂದ ಟಿ-50 ಪರೀಕ್ಷೆ ಒಂದೊಂದು ಪ್ರೋಟೀನನ್ನು ಅಳೆಯದೆ, ರಕ್ತದ್ರವಕ್ಕೆ ಸುಣ್ಣವನ್ನು ತಡೆಹಿಡಿಯುವ ಕಸುವು ಒಟ್ಟಾರೆ ಎಷ್ಟಿದೆ ಎಂದು ನೋಡುತ್ತದೆ. ನನಗೆ ಇದರಲ್ಲೇ ಹೆಚ್ಚು ಭರವಸೆ.

ಆದರೆ ಇಲ್ಲೊಂದು ತೊಡಕಿದೆ. ಕಸಿ ಮಾಡಿದ ಕಿಡ್ನಿ ದುರ್ಬಲವಾದಂತೆ ಎಫ್‌ಜಿಎಫ್-23 ತಾನಾಗಿಯೇ ಏರುತ್ತದೆ, ಇತರ ಹಲವು ಸೂಚಕಗಳೂ ಹಾಗೇ. ಹಾಗಾದರೆ ನಾವು ಓದುತ್ತಿರುವುದು ಕವಾಟದ ಸುದ್ದಿಯೋ ಕಿಡ್ನಿಯದೋ? ಜೊತೆಗೆ, ಸಾವಿನ ಲೆಕ್ಕ ಹೇಳಿದ ಅಧ್ಯಯನಗಳೆಲ್ಲ ಕವಾಟವನ್ನು ನೋಡಿದವಲ್ಲ. ಸೂಚಕವನ್ನು ಸರಿಪಡಿಸಿದರೆ ನಾಳ ಸುಧಾರಿಸುತ್ತದೆಂಬ ಖಾತ್ರಿಯೂ ಇಲ್ಲ. ಮ್ಯಾಟ್ರಿಕ್ಸ್ ಜಿಎಲ್‌ಎ ಕೆಲಸ ಮಾಡಲು ವಿಟಮಿನ್ ಕೆ ಬೇಕು, ಕಸಿಯಾದವರಲ್ಲಿ ಅದರ ಕೊರತೆ ಸಾಮಾನ್ಯ. ಸ್ಕಾಟ್ಲೆಂಡಿನಲ್ಲಿ ಕಸಿಯಾದ 90 ಮಂದಿಯ ಮೇಲೆ ವಿಟಮಿನ್ ಕೆ ಪ್ರಯೋಗ ನಡೆಯಿತು. 2021ರ ಫಲಿತಾಂಶ: ನಾಳದ ಬಿಗಿತದಲ್ಲಾಗಲಿ ಸುಣ್ಣದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ನಮ್ಮ ದೇಶಕ್ಕೆ ಇನ್ನೊಂದು ಕಷ್ಟವಿದೆ, ಪಾಶ್ಚಾತ್ಯ ಅಧ್ಯಯನಗಳಿಗೆ ಅದು ಅಷ್ಟಾಗಿ ತಟ್ಟಿಲ್ಲ. ಚಿಕ್ಕಂದಿನ ಕೀಲುಜ್ವರದಿಂದ (ರುಮ್ಯಾಟಿಕ್ ಜ್ವರ) ಕೆಟ್ಟ ಮೈಟ್ರಲ್ ಕವಾಟ ಇಲ್ಲಿ ಇನ್ನೂ ಕಾಣಸಿಗುತ್ತದೆ. ಕೀಲುಜ್ವರದ ಗಾಯ ಕವಾಟದ ದಳಗಳ ಅಂಚಿನಲ್ಲಿ, ಅವು ಕೂಡುವಲ್ಲಿ ಶುರುವಾಗುತ್ತದೆ. ಕಿಡ್ನಿ ಕಾಯಿಲೆಯ ಸುಣ್ಣ ಹೆಚ್ಚಾಗಿ ಕವಾಟದ ಬುಡದ ಉಂಗುರದ ಹಿಂಬದಿಗೆ ಹತ್ತುತ್ತದೆ. ಎಕೋ ರಿಪೋರ್ಟಿನಲ್ಲಿ ‘ಕವಾಟ ದಪ್ಪಗಿದೆ’ ಎಂದಷ್ಟೇ ಬರೆದರೆ ಎರಡೂ ಒಂದಾಗಿಬಿಡುತ್ತವೆ, ರಕ್ತದ ಸೂಚಕವನ್ನು ಯಾವುದಕ್ಕೆ ಹೋಲಿಸಬೇಕೆಂದೇ ತಿಳಿಯುವುದಿಲ್ಲ.

ಪುಣೆಯಲ್ಲಿ ಮೃತದಾನಿಗಳ ಅಂಗ ಹಂಚಿಕೆ ನೋಡುವ ಝಡ್‌ಟಿಸಿಸಿ ಇದೆ, ಕಸಿಯಾದವರನ್ನು ವರ್ಷಗಟ್ಟಲೆ ತಪಾಸಿಸುವ ಆಸ್ಪತ್ರೆಗಳಿವೆ. ಕಸಿಗೆ ಮುನ್ನ 2ಡಿ ಎಕೋ ಹೇಗೂ ಆಗುತ್ತದೆ. ಕವಾಟದ ಸುಣ್ಣ ಪತ್ತೆಗೆ ಸಿಟಿ ಬದಲು ಎಕೋ ಸಾಕೆಂದು 2009ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕೆಡಿಐಜಿಓ ಕೂಡ ಒಪ್ಪಿದೆ. ಆ ಎಕೋದಲ್ಲಿ ಸುಣ್ಣ ಎಲ್ಲಿ, ಎಷ್ಟು ಎಂದು ಬರೆದಿಟ್ಟು, ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಅಂಕಿಗಳ ಜೊತೆ ಕೆಲವು ವರ್ಷಗಳ ಬಳಿಕ ಮತ್ತೆ ತಾಳೆ ನೋಡಿದರೆ, ಹೊಸ ಯಂತ್ರವೊಂದನ್ನೂ ಕೊಳ್ಳದೆ ನಮ್ಮ ಜನರದ್ದೇ ದಾಖಲೆ ಬೆಳೆಯುತ್ತದೆ. ಟಿ-50, ಎಫ್‌ಜಿಎಫ್-23 ಪರೀಕ್ಷೆಗಳನ್ನು ಆ ದಾಖಲೆಯ ಪಕ್ಕದಲ್ಲಿಟ್ಟೇ ಒರೆಗೆ ಹಚ್ಚಬೇಕು.