ಕಾದು ಸುಣ್ಣವಾಗುವುದು

ನಮ್ಮಜ್ಜಿ ಒಂದೇ ಪದವನ್ನು ದಿನಕ್ಕೆ ನಾಲ್ಕು ಕಡೆ ಕೂರಿಸುತ್ತಿದ್ದಳು. ಬೆಳಿಗ್ಗೆ ದೋಸೆಗೆ ಅವಸರ ಮಾಡಿದರೆ, 'ತಡಿ ಮಾರಾಯ, ಕಾವಲಿ ಕಾಯ್ಲಿ.' ಹತ್ತು ಗಂಟೆಗೆ ಅಂಗಳದಲ್ಲಿ ಹರವಿದ ಭತ್ತದ ಬದಿಗೆ ನನ್ನನ್ನು ಕೂರಿಸಿ, 'ಕಾಗೆ ಕೋಳಿ ಬಾರದ ಹಾಗೆ ಕಾಯ್ತಾ ಇರು.' ಸಂಜೆ ಅಂಚೆಯವನು ಬರಿಗೈಯಲ್ಲಿ ದಾಟಿಹೋದರೆ, 'ಕಾದು ಕಾದು ಸುಣ್ಣವಾದೆ.' ರಾತ್ರಿ ಪ್ರಾರ್ಥನೆ ಮುಗಿಸಿ ದೀಪ ಸಣ್ಣದು ಮಾಡುವಾಗ ಅದೇ ಪದ ದೇವರ ಪಾಲಿಗೆ ಹೋಗುತ್ತಿತ್ತು: 'ಇನ್ನು ಅವನುಂಟು, ಕಾಯ್ತಾನೆ.'

ಈ ಕೊನೆಯದು ಆಗ ನನಗೆ ಗೊಂದಲ. ಕಾಯ್ತಾನೆ ಅಂದರೆ ಕಾಪಾಡುತ್ತಾನೆ ಅಂತಲೋ, ನಮಗೋಸ್ಕರ ಕಾದುಕೊಂಡು ಕೂತಿರ್ತಾನೆ ಅಂತಲೋ? ಒಂದು ರಾತ್ರಿ ಕೇಳಿಯೂ ಬಿಟ್ಟೆ. 'ಎರಡೂ ಒಂದೇ ಅಲ್ವಾ' ಎಂದು ಮುಸುಕೆಳೆದುಕೊಂಡಳು.

ನಿಘಂಟಿನವರು ಅಜ್ಜಿಯ ಮಾತನ್ನು ಒಪ್ಪುತ್ತಾರೆ. ಬರೋ ಮತ್ತು ಎಮೆನೋ 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ರಕ್ಷಿಸುವ ಕಾಯುವಿಕೆ ಒಂದು ಬೇರಿನದು, ಬಿಸಿಯಾಗುವುದು ಇನ್ನೊಂದರದು. ಕಾವಲು, ಕಾಪು, ಕಾಪಾಡು ಮೊದಲಿನದರ ಮಕ್ಕಳು. ಕಾವು, ಕಾವಲಿ ಎರಡನೆಯದರವು. ರಕ್ಷಿಸುವುದೂ ನಿರೀಕ್ಷಿಸುವುದೂ ಮಾತ್ರ ನಿಜಕ್ಕೂ ಒಡಹುಟ್ಟಿದವು. ಕಾವಲು ಕೂತವನಿಗೆ ಬೇರೆ ದಾರಿ ಏನಿದೆ, ಕಾಯಲೇಬೇಕು. ಆದರೆ ಮಾತಾಡುವವರು ಬೇರು ಅಗೆದು ನೋಡಿ ಮಾತಾಡುವುದಿಲ್ಲ. 'ಕಾದು ಸುಣ್ಣವಾದೆ' ಎಂದವರು ಬಿಸಿಯನ್ನೂ ನಿರೀಕ್ಷೆಯನ್ನೂ ಒಂದೇ ಗೂಡಿಗೆ ಹಾಕಿ ಬೇಯಿಸಿಬಿಟ್ಟರು. ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದವರಿಗೆ ಈ ಶ್ಲೇಷೆ ವಿವರಿಸಬೇಕಾಗಿರಲಿಲ್ಲ. ಇನ್ನು ಹಳಗನ್ನಡದ 'ಕಾದು' ಎಂದರೆ ಹೋರಾಡು; ಕಾದಾಟ ಅಲ್ಲಿಂದ ಬಂದದ್ದು. ಹೀಗಾಗಿ 'ಕಾದು' ಎಂದು ಒಂಟಿಯಾಗಿ ಬರೆದಿಟ್ಟರೆ ಬೆಂದು, ರಕ್ಷಿಸಿ, ನಿರೀಕ್ಷಿಸಿ, ಹೋರಾಡು ಎಲ್ಲವೂ ಅದರೊಳಗೆ ಇಕ್ಕಟ್ಟಾಗಿ ಕೂತಿರುತ್ತವೆ. ಯಬ್ಬೋಕ್ ಹೊಳೆಯ ದಡದಲ್ಲಿ ಬೆಳಗಾಗುವ ತನಕ ಗುರುತು ಸಿಗದವನೊಬ್ಬನ ಜೊತೆ ಸೆಣಸಿ, ತೊಡೆಯ ಕೀಲು ತಪ್ಪಿಸಿಕೊಂಡು, ಆಶೀರ್ವಾದ ಕೊಡದೆ ಬಿಡೆನೆಂದು ಹಟ ಹಿಡಿದ ಯಾಕೋಬನಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ನನಗಂತೂ ಕಾಣದು.

ಈ ಪದದ ಬೆನ್ನು ಹತ್ತಿದ್ದಕ್ಕೆ ಕಾರಣವಿದೆ. ಅಪ್ಪ ತೀರಿಕೊಂಡ ವರ್ಷ ನನ್ನ ಪ್ರಾರ್ಥನೆ ಬತ್ತಿಹೋಯಿತು. ಸಿಟ್ಟಿನಿಂದ ನಿಲ್ಲಿಸಿದ್ದಲ್ಲ, ಬಾವಿಗೆ ಕೊಡ ಬಿಟ್ಟರೆ ತಳದ ಕಲ್ಲಿಗೆ ಬಡಿದ ಸದ್ದಷ್ಟೇ ಮೇಲೆ ಬರುತ್ತದಲ್ಲ, ಹಾಗೆ. ಭಾನುವಾರ ದೇವಾಲಯಕ್ಕೆ ಹೋಗುತ್ತಿದ್ದೆ, ಕೊನೆಯ ಬೆಂಚು. ವಿಶ್ವಾಸಪ್ರಮಾಣ ಹೇಳಲು ಎಲ್ಲರೂ ಎದ್ದಾಗ ನಾನೂ ಎದ್ದು ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಪಕ್ಕದವರ ದನಿ ನನ್ನ ಪಾಲಿನದನ್ನೂ ಹೊತ್ತುಕೊಂಡು ಹೋಗುವುದನ್ನು ಕೇಳಿಸಿಕೊಳ್ಳುತ್ತಿದ್ದೆ. ಒಬ್ಬ ಬೋಧಕರು ಬಾಗಿಲಲ್ಲಿ ಹಿಡಿದು ನಿಲ್ಲಿಸಿ, 'ನಿಮ್ಮ ನಂಬಿಕೆ ತಣ್ಣಗಾಗಿದೆ, ಕಬ್ಬಿಣ ಕಾದಾಗಲೇ ಬಡೀಬೇಕು' ಎಂದರು. ಗಾದೆ ಚೆನ್ನಾಗಿದೆ. ಆದರೆ ಬಡಿಸಿಕೊಳ್ಳುವ ಕಬ್ಬಿಣವನ್ನು ಯಾರೂ ಕೇಳಿದಂತಿಲ್ಲ.

ನನಗೆ ಆಗ ಆಸರೆಯಾದದ್ದು ಹಬಕ್ಕೂಕ. ಬರೀ ಮೂರು ಅಧ್ಯಾಯದ ಪುಸ್ತಕ. ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳಿಸಿಕೊಳ್ಳುವುದೇ ಇಲ್ಲವಲ್ಲ ಎಂಬ ತಕರಾರಿನಿಂದಲೇ ಶುರು. ಎರಡನೆಯ ಅಧ್ಯಾಯಕ್ಕೆ ಬಂದಾಗ ಪ್ರವಾದಿ ತಕರಾರನ್ನು ಹಿಂತೆಗೆದುಕೊಂಡು ಮನೆಗೆ ಹೋಗುವುದಿಲ್ಲ, ಅದನ್ನು ಹೊತ್ತುಕೊಂಡೇ ಕಾವಲುಗೋಪುರ ಹತ್ತಿ ನಿಲ್ಲುತ್ತಾನೆ, ಏನು ಉತ್ತರ ಬರುತ್ತದೋ ನೋಡೋಣ ಎಂದು. ಸಂದೇಹಪಡುವವನೇ ಕಾವಲುಗಾರ! ಆ ವರ್ಷದವರೆಗೂ ನಾನು ಅದನ್ನು ಹೀಗೆ ಓದಿರಲಿಲ್ಲ.

ಹೀಬ್ರೂವಿನಲ್ಲೂ ಇಂಥದೊಂದು ಪದವಿದೆ, ಶಮರ್. 121ನೇ ಕೀರ್ತನೆಯ ಎಂಟು ವಚನಗಳಲ್ಲಿ ಆರು ಸಲ ಬರುತ್ತದೆ. ಅಲ್ಲಿ ಕಾಯುವವನು ದೇವರು, ತೂಕಡಿಕೆಯಿಲ್ಲದ ಕಾವಲು. ಯೆರೂಸಲೇಮಿನ ಯಾತ್ರಿಕರು ಹಾಡುತ್ತಿದ್ದ ಅದೇ ಗುಚ್ಛದಲ್ಲಿ ಒಂಬತ್ತು ಹಾಡು ದಾಟಿ 130ಕ್ಕೆ ಬನ್ನಿ. ಅದೇ ಬೇರಿನ ಪದ, ಈಗ ಮನುಷ್ಯರ ಮೇಲೆ: ಬೆಳಗಿಗಾಗಿ ಕಣ್ಣು ನೆಟ್ಟ ರಾತ್ರಿಪಾಳಿಯ ಪಹರೆಯವರು, ಎರಡೆರಡು ಸಲ. ಅಜ್ಜಿಗೆ ಹೀಬ್ರೂ ಗೊತ್ತಿರಲಿಲ್ಲ.

ಕೋಳಿಯ ವಿಷಯ ಮಾತ್ರ ಚೆನ್ನಾಗಿ ಗೊತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಬುಟ್ಟಿ, ಬುಟ್ಟಿಗೆ ಬೈಹುಲ್ಲು, ಅದರ ಮೇಲೆ ಒಂಬತ್ತೋ ಹನ್ನೊಂದೋ ಮೊಟ್ಟೆ. ಕಾವಿಗೆ ಕೂತ ಕೋಳಿ ಕೋಳಿಯೇ ಅಲ್ಲವೇನೋ ಎನ್ನುವಷ್ಟು ಬದಲಾಗುತ್ತದೆ. ಕೂಗಿಲ್ಲ, ಕೆದಕಿಲ್ಲ, ದಿನಕ್ಕೊಮ್ಮೆ ಇಳಿದು ನಾಲ್ಕು ಕಾಳು, ಒಂದು ಗುಟುಕು ನೀರು, ಮತ್ತೆ ಓಡಿ ಬುಟ್ಟಿಗೆ. ಎದೆಯ ಕೆಳಗೆ ಪುಕ್ಕ ಉದುರಿ ಬರಿ ಚರ್ಮ ಮೊಟ್ಟೆಗೆ ತಾಗುತ್ತಿರುತ್ತದೆ. ಇಪ್ಪತ್ತೊಂದು ದಿನ. ಹತ್ತನೆಯ ದಿನವೋ ಏನೋ ನನಗೆ ತಡೆಯಲಾಗದೆ, ಕೋಳಿ ಇಳಿದಾಗ ಒಂದು ಮೊಟ್ಟೆ ಕದ್ದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೂ ಕೇಳಲಿಲ್ಲ. ಅಜ್ಜಿ ಕೈಮೇಲೆ ಒಂದು ಬಿಟ್ಟು ಮೊಟ್ಟೆ ಕಿತ್ತುಕೊಂಡಳು: 'ಸದ್ದು ಕೇಳ್ಬೇಕಾ ನಿಂಗೆ?' ಆ ಸಲ ಎಷ್ಟು ಮರಿಯಾದವೋ ನೆನಪಿಲ್ಲ. ಒಂದೆರಡು ಮೊಟ್ಟೆ ಹಾಳಾಗಿದ್ದು, ಅವನ್ನು ಹಿತ್ತಿಲಾಚೆ ಎಸೆದಾಗಿನ ವಾಸನೆ ನೆನಪಿದೆ. ಕಾವು ಕೊಟ್ಟ ಮಾತ್ರಕ್ಕೆ ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ.

ಆದಿಕಾಂಡದ ಎರಡನೆಯ ವಚನದಲ್ಲಿ, ಬೆಳಕಿಗಿಂತ ಮುಂಚೆ, ದೇವರ ಆತ್ಮ ಕತ್ತಲ ನೀರಿನ ಮೇಲೆ ಸುಳಿಯುತ್ತದಲ್ಲ, ಅದು ಹಕ್ಕಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ ಎಂದು ನಾಲ್ಕನೆಯ ಶತಮಾನದ ಬಿಷಪ್ ಬೆಸಿಲ್ ವಿವರಿಸಿದ್ದಾನೆ. ಸಿರಿಯಾದವನೊಬ್ಬನಿಂದ ತಿಳಿದೆ ಎಂದು ಒಪ್ಪಿಕೊಂಡು. ಓದಿದಾಗ ನನಗೆ ನಮ್ಮನೆಯ ಬುಟ್ಟಿ ಕಂಡಿತು. 'ಬೆಳಕಾಗಲಿ' ಎಂಬ ಮೊದಲ ಮಾತಿಗೂ ಮುಂಚಿನ ಮೌನ ಅದು.

ಮದರ್ ತೆರೇಸಾ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯವಿದೆ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ಕರೆ ಕೇಳಿಸಿತು. ಕೋಲ್ಕತ್ತದ ಬಡವರ ನಡುವೆ ಕೆಲಸ ಶುರುವಾದ ಹೊತ್ತಿಗೆ ಕರೆದ ದನಿಯೇ ನಿಂತುಹೋಯಿತು. 1958ರಲ್ಲಿ ಕೆಲವು ವಾರ ಬಿಟ್ಟರೆ 1997ರಲ್ಲಿ ಸಾಯುವವರೆಗೂ ಹೆಚ್ಚುಕಡಿಮೆ ಅದೇ ಕತ್ತಲು. ಆತ್ಮದ ಗುರುಗಳಿಗೆ ಬರೆದ ಕಾಗದಗಳನ್ನು ಸುಟ್ಟುಹಾಕಿ ಎಂದು ಆಕೆ ಬೇಡಿಕೊಂಡಿದ್ದರು. ಅವು 2007ರಲ್ಲಿ ಅಚ್ಚಾದಾಗ ಕೆಲವರು 'ಅಂದರೆ ಆ ನಗು ನಾಟಕವೇ' ಎಂದು ಕೇಳಿದರು. ನನಗೆ ಹಾಗನ್ನಿಸುವುದಿಲ್ಲ. ರಾತ್ರಿಪಾಳಿಯವನಿಗೆ ಸೂರ್ಯ ಕಾಣುವುದಿಲ್ಲ ಎಂದು ಅವನ ಪಾಳಿಯನ್ನು ನಾಟಕ ಎನ್ನುತ್ತೇವೆಯೇ? ಆಸ್ಟ್ರಿಯಾದಿಂದ ಬಂದು ಪುಣೆಯಲ್ಲಿ ಪಾಠ ಹೇಳುತ್ತಿದ್ದ ಯೇಸುಸಭೆಯ ಫಾದರ್ ಜೋಸೆಫ್ ನೊಯ್ನರ್ ಆಕೆಗೆ ಮದ್ದು ಕೊಡಲಿಲ್ಲ. ಈ ಕತ್ತಲು ನಿನ್ನ ತಪ್ಪಿನ ಫಲವಲ್ಲ, ದೇವರಿಗಾಗಿ ಇಷ್ಟು ಹಸಿವಿರುವುದೇ ಅವನು ಇಲ್ಲೇ ಇದ್ದಾನೆಂಬುದರ ಗುರುತು ಎಂಬರ್ಥದ ಮಾತು ಹೇಳಿದರು, ಅಷ್ಟೇ. ಕತ್ತಲು ಕರಗಲಿಲ್ಲ. ಆಕೆ ಅದರ ಜೊತೆ ಬದುಕುವುದನ್ನು ಕಲಿತರು.

ಇನ್ನೊಬ್ಬ, ಬರ್ಲಿನ್ನಿನ ಟೇಗಲ್ ಜೈಲಿನಲ್ಲಿದ್ದ ಪಾದ್ರಿ ಬೊನ್‌ಹಾಫರ್. 1943ರ ನವೆಂಬರಿನಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ, ಸೆರೆಮನೆಯ ಕೋಣೆ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಂತೆ, ಬಾಗಿಲು ತೆರೆಯುವುದಿದ್ದರೆ ಹೊರಗಿನಿಂದಲೇ ಎಂಬ ಅರ್ಥದ ಮಾತಿದೆ. ಮರುವರ್ಷದ ಜುಲೈನಲ್ಲಿ ಅವನು ಗೆತ್ಸೆಮನೆ ತೋಟದತ್ತ ತಿರುಗುತ್ತಾನೆ. ಅಲ್ಲಿ ಪದದ ದಿಕ್ಕೇ ಬದಲಾಗುತ್ತದೆ: ಒಂದು ಗಂಟೆ ಎಚ್ಚರವಿದ್ದು ಕಾಯಿರಿ ಎಂದು ಮನುಷ್ಯರನ್ನು ಬೇಡಿಕೊಳ್ಳುವವನು ಯೇಸು. ತೂಕಡಿಸಿದವರು ಶಿಷ್ಯರು.

ಶುಭ ಶುಕ್ರವಾರಕ್ಕೂ ಈಸ್ಟರಿಗೂ ನಡುವಿನ ಶನಿವಾರದ ಮೇಲೆ ಹೆಚ್ಚು ಪ್ರಸಂಗ ಕೇಳಿಲ್ಲ. ಅಂದು ಏನೂ ನಡೆಯುವುದಿಲ್ಲ, ಏನು ಹೇಳುವುದು? ಆದರೆ ಕನ್ನಡದಲ್ಲಿ ಓದಿದರೆ ಅಂದು ಎಲ್ಲರೂ ಒಂದೇ ಕೆಲಸ ಮಾಡುತ್ತಿದ್ದಾರೆ. ಮತ್ತಾಯನ ಪ್ರಕಾರ ಸಮಾಧಿಯ ಬಾಯಿಗೆ ಮುದ್ರೆ ಬಿದ್ದಿದೆ, ಕಾವಲಿನವರು ಕಾಯುತ್ತಿದ್ದಾರೆ. ನಮ್ಮೂರ ಮಾತಿನಲ್ಲಿ ಹೇಳಬೇಕೆಂದರೆ ಹೆಣ ಕಾಯುತ್ತಿದ್ದಾರೆ. ಹೆಂಗಸರೂ ಕಾಯುತ್ತಿದ್ದಾರೆ. ಏತಕ್ಕೆ? ಪುನರುತ್ಥಾನಕ್ಕೆ ಎಂದು ಹೇಳಲು ನಾಲಿಗೆ ಹೊರಳುತ್ತದೆ, ಸುವಾರ್ತೆಯಲ್ಲಿ ಹಾಗಿಲ್ಲ. ಸಬ್ಬತ್ತು ಮುಗಿಯಲಿ ಎಂದು ಕಾಯುತ್ತಿದ್ದಾರೆ, ಹೆಣಕ್ಕೆ ಸುಗಂಧ ಹಚ್ಚುವ ಕೆಲಸ ಬಾಕಿ ಉಳಿದಿತ್ತು. ಅಪ್ಪ ಹೋದ ವರ್ಷದ ಈಸ್ಟರ್ ನಸುಕಿನಲ್ಲಿ ನಾನು ಕೊನೆಯ ಬೆಂಚಿಗೆ ಹೋಗಿ ಕೂತದ್ದೂ ಹೆಚ್ಚುಕಡಿಮೆ ಇಂಥದೇ ಬಾಕಿ ಕೆಲಸಕ್ಕೆ. ಆ ಹೆಂಗಸರ ಕೈಯಲ್ಲಿ ಸುಗಂಧದ್ರವ್ಯವಿತ್ತು, ಮುಂದೆ ಅಲುಗಿಸಲಾಗದ ಬಂಡೆಯಿತ್ತು. ಅದನ್ನು ಉರುಳಿಸಿಕೊಡುವವರು ಯಾರು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾ, ಉತ್ತರ ಹೊಳೆಯದೆ, ಆ ಬೆಳಗಿನ ಮಬ್ಬಿನಲ್ಲಿ ನಡೆಯುತ್ತಲೇ ಇದ್ದರು.