ರಾಜದಂಡವೂ ಕುರುಬನ ಕೋಲೂ

ಜನರ ಮುಂದಾಳಾದವನ ಬಲವು ಯಾವುದರಲ್ಲಿ ನೆಲಸಿರುವುದೆಂಬ ಪ್ರಶ್ನೆಗೆ ಲೌಕಿಕ ನೀತಿಯು ಬಹುಕಾಲದಿಂದ ಕೊಟ್ಟಿರುವ ಉತ್ತರವು ದಂಡವೆಂಬುದೇ ಆಗಿದೆ. ದಂಡಧರನಿಲ್ಲದ ನಾಡಿನಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದೆಂದು ಭಾರತದ ನೀತಿಶಾಸ್ತ್ರಕಾರರು ಹೇಳಿದರು. ಪ್ರಾಚೀನ ರೋಮಿನ ಅಧಿಕಾರಿಗಳ ಮುಂದೆ ಸೇವಕರು ಕೊಡಲಿ ಸೇರಿಸಿ ಕಟ್ಟಿದ ಕೋಲುಗಳ ಕಂತೆಯನ್ನು ಹೊತ್ತು ನಡೆಯುತ್ತಿದ್ದುದೂ ಅದೇ ಭಾವವನ್ನು ಸೂಚಿಸುವುದು. ಏಸುಕ್ರಿಸ್ತನಾದರೋ ತನ್ನ ಶಿಷ್ಯರಿಗೆ ಬೇರೊಂದು ಮಾರ್ಗವನ್ನು ತೋರಿದನು. ಅವರಲ್ಲಿ ದೊಡ್ಡವನಾಗಬಯಸುವವನು ಎಲ್ಲರ ಆಳಾಗಿರಬೇಕೆಂದು ಬೋಧಿಸಿ, ಮರಣದ ಹಿಂದಿನ ರಾತ್ರಿ ತಾನೇ ಶಿಷ್ಯರ ಕಾಲುಗಳನ್ನು ತೊಳೆದನೆಂದು ಸುವಾರ್ತೆಯು ಹೇಳುವುದು. ಕ್ರೈಸ್ತರು ಅಲ್ಪಸಂಖ್ಯಾತರಾಗಿ ಹಿಂಸೆಗೊಳಗಾಗಿದ್ದಾಗ ಅವರ ನಾಯಕರ ಕೈಯಲ್ಲಿ ರಾಜ್ಯಬಲವೇ ಇರಲಿಲ್ಲ. ಕ್ರಿ.ಶ. 313ರಲ್ಲಿ ಅವರ ಮತಕ್ಕೆ ಸ್ವಾತಂತ್ರ್ಯವು ದೊರೆತು, ಚಕ್ರವರ್ತಿಗಳೇ ಕ್ರೈಸ್ತರಾದ ಮೇಲೆ, ಈ ಬೋಧೆಯ ನಿಜವಾದ ಪರೀಕ್ಷೆಯು ಆರಂಭವಾಯಿತು. ಆ ಪರೀಕ್ಷೆಯನ್ನು ಮಿಲಾನ್ ನಗರದ ಆಂಬ್ರೋಸನ ಚರಿತ್ರೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಮತ್ತೆಲ್ಲಿಯೂ ಕಾಣುವುದು ಕಷ್ಟ. ಏಕೆಂದರೆ ಎರಡು ಬಗೆಯ ಅಧಿಕಾರಗಳನ್ನೂ ವಹಿಸಿದವನು ಆತನು.

ಆಂಬ್ರೋಸನು 339ರ ಸುಮಾರಿನಲ್ಲಿ ರಾಜಾಧಿಕಾರಿಗಳ ಮನೆತನದಲ್ಲಿ ಜನಿಸಿದನು. ತಂದೆಯು ಗಾಲ್ ದೇಶದ ಮಹಾಧಿಕಾರಿಯಾಗಿದ್ದನು. ಮಗನು ನ್ಯಾಯಶಾಸ್ತ್ರದಲ್ಲಿ ನುರಿತು, ಉತ್ತರ ಇಟಲಿಯ ಒಂದು ಪ್ರಾಂತಕ್ಕೆ ಅಧಿಪತಿಯಾಗಿ ಮಿಲಾನಿನಲ್ಲಿ ವಾಸವಾಗಿದ್ದನು. 374ರಲ್ಲಿ ಅಲ್ಲಿಯ ಬಿಷಪ್, ಎಂದರೆ ಸಭೆಯ ಧರ್ಮಾಧ್ಯಕ್ಷನು, ಮೃತನಾಗಲು, ಕ್ರಿಸ್ತನು ತಂದೆಯಾದ ದೇವರಿಗೆ ಸಮಾನನೆನ್ನುವ ಪಕ್ಷಕ್ಕೂ ಹಾಗಲ್ಲವೆನ್ನುವ ಏರಿಯನ್ ಪಕ್ಷಕ್ಕೂ ಉತ್ತರಾಧಿಕಾರಿಯ ವಿಷಯದಲ್ಲಿ ವಿವಾದವೆದ್ದಿತು. ಗಲಭೆಯನ್ನು ತಡೆಯಲು ಬಂದು ಮಾತನಾಡಿದ ಪ್ರಾಂತಾಧಿಪತಿಯನ್ನೇ ಜನರು ಬಿಷಪ್ಪನಾಗಬೇಕೆಂದು ಕೂಗಿದರು. ಆತನಿಗೆ ಆಗ ದೀಕ್ಷಾಸ್ನಾನವೂ ಆಗಿರಲಿಲ್ಲ. ತಪ್ಪಿಸಿಕೊಳ್ಳಲು ಯತ್ನಿಸಿ ವಿಫಲನಾಗಿ, ಕೊನೆಗೆ ಒಪ್ಪಿಕೊಂಡು, ತನ್ನ ಬೆಳ್ಳಿಬಂಗಾರಗಳನ್ನು ಸಭೆಗೂ ಬಡವರಿಗೂ ಕೊಟ್ಟುಬಿಟ್ಟನೆಂದು ಆತನ ಚರಿತ್ರೆಯನ್ನು ಬರೆದ ಪೌಲೀನನು ತಿಳಿಸಿರುವನು. ಗಾಥರ ಯುದ್ಧದಲ್ಲಿ ಸೆರೆಸಿಕ್ಕವರನ್ನು ಬಿಡಿಸುವುದಕ್ಕಾಗಿ ಚರ್ಚಿನ ಪೂಜಾಪಾತ್ರೆಗಳನ್ನು ಕರಗಿಸಿದಾಗ ವಿರೋಧಿಗಳು ದೂರಿದರು. ಸಭೆಗೆ ಬಂಗಾರವಿರುವುದು ಕೂಡಿಡುವುದಕ್ಕಲ್ಲ, ಕಷ್ಟದಲ್ಲಿರುವವರಿಗಾಗಿ ವ್ಯಯಮಾಡುವುದಕ್ಕೆ ಎಂಬ ಅಭಿಪ್ರಾಯದಿಂದ ಆತನು ಅದನ್ನು ಸಮರ್ಥಿಸಿದನು.

ಈ ಸಮರ್ಥನೆಯು ಬರುವುದು ಆತನು 390ರ ಸುಮಾರಿನಲ್ಲಿ ತನ್ನ ಪಾದ್ರಿಗಳಿಗಾಗಿ ರಚಿಸಿದ ಕರ್ತವ್ಯವಿಷಯಕ ಗ್ರಂಥದಲ್ಲಿ. ರೋಮಿನ ಮಹಾವಾಗ್ಮಿಯಾದ ಸಿಸಿರೊ ಕ್ರಿ.ಪೂ. 44ರಲ್ಲಿ ತನ್ನ ಮಗನಿಗಾಗಿ ಬರೆದ ಕರ್ತವ್ಯಗ್ರಂಥವೇ ಇದಕ್ಕೆ ಮಾದರಿ. ವಿವೇಕ, ನ್ಯಾಯ, ಧೈರ್ಯ, ಸಂಯಮಗಳೆಂಬ ನಾಲ್ಕು ಗುಣಗಳನ್ನು ಆಂಬ್ರೋಸನು ಅಲ್ಲಿಂದ ಸಂಕೋಚವಿಲ್ಲದೆ ತೆಗೆದುಕೊಂಡನು. ಆದರೆ ಒಂದು ಮುಖ್ಯಸ್ಥಳದಲ್ಲಿ ಅವನು ಗುರುವನ್ನು ಬಿಟ್ಟು ನಡೆದನು. ತನಗೆ ಅನ್ಯಾಯವಾದ ಹೊರತು ಯಾರಿಗೂ ಕೇಡುಮಾಡದಿರುವುದು ನ್ಯಾಯದ ಮೊದಲನೆಯ ಕಾರ್ಯವೆಂದು ಸಿಸಿರೊ ಹೇಳಿದ್ದನು. ಆ ವಿನಾಯಿತಿಯನ್ನು ಸುವಾರ್ತೆಯು ಒಪ್ಪುವುದಿಲ್ಲವೆಂದು ಆಂಬ್ರೋಸನು ಆಕ್ಷೇಪಿಸಿದನು. ಲೌಕಿಕ ನಾಯಕನಿಗೂ ಕ್ರೈಸ್ತ ನಾಯಕನಿಗೂ ಗುಣಗಳಲ್ಲಿ ಭೇದವು ಸ್ವಲ್ಪವೇ; ಪ್ರತೀಕಾರದ ಹಕ್ಕಿನ ವಿಷಯದಲ್ಲಿಯೇ ದಾರಿಯು ಕವಲೊಡೆಯುವುದು.

390ರಲ್ಲಿಯೇ ಈ ಭೇದವು ರಕ್ತದ ಅಕ್ಷರಗಳಲ್ಲಿ ಬರೆಯಲ್ಪಟ್ಟಿತು. ಮೆಸಿಡೋನಿಯದ ಥೆಸಲೋನಿಕ ಪಟ್ಟಣದಲ್ಲಿ ಬುಥೆರಿಕನೆಂಬ ದಂಡನಾಯಕನು ಜನಪ್ರಿಯನಾದ ಒಬ್ಬ ರಥಿಕನನ್ನು ಸೆರೆಯಲ್ಲಿಟ್ಟನು. ರಥದ ಪಂದ್ಯಗಳಿಗಾಗಿ ಅವನನ್ನು ಬಿಡಬೇಕೆಂದು ಜನರು ಗಲಭೆಯೆಬ್ಬಿಸಿ ದಂಡನಾಯಕನನ್ನು ಕೊಂದರು. ಚಕ್ರವರ್ತಿಯಾದ ಥಿಯೊಡೋಸಿಯಸನು ಕ್ರುದ್ಧನಾಗಿ ಪ್ರತೀಕಾರಕ್ಕೆ ಆಜ್ಞಾಪಿಸಿದನು. ಬಳಿಕ ಆಜ್ಞೆಯನ್ನು ಹಿಂದೆಗೆದುಕೊಂಡನಾದರೂ ಹೊತ್ತು ಮೀರಿತ್ತು. ಸೈನಿಕರು ಅಪರಾಧಿ ನಿರಪರಾಧಿಗಳೆನ್ನದೆ ಜನರನ್ನು ಕಡಿದರು. ಸತ್ತವರು 7000 ಮಂದಿಯೆಂದು ಮುಂದಿನ ಶತಮಾನದ ಥಿಯೊಡೊರೆಟನು ಬರೆದಿರುವನು.

ಆಂಬ್ರೋಸನು ಅರಸನ ಎದುರಿಗೆ ನಿಲ್ಲದೆ, ಅನಾರೋಗ್ಯದ ಕಾರಣವನ್ನು ಹೇಳಿ ನಗರವನ್ನು ಬಿಟ್ಟು, ತನ್ನ ಕೈಯಾರೆ ಒಂದು ಪತ್ರವನ್ನು ಬರೆದನು. ಅರಸನೊಬ್ಬನೇ ಓದಲೆಂಬುದು ಅವನ ಉದ್ದೇಶ. ದಾವೀದನು ಅರಸನಾಗಿದ್ದರೂ ಪಾಪವನ್ನು ಒಪ್ಪಿಕೊಂಡುದನ್ನು ಜ್ಞಾಪಿಸಿ, ಚಕ್ರವರ್ತಿಯು ಸಮ್ಮುಖದಲ್ಲಿರುವಾಗ ತಾನು ಬಲಿಪೂಜೆಯನ್ನು ನಡೆಯಿಸಲಾರೆನೆಂದು ಅದರಲ್ಲಿ ತಿಳಿಸಿದನು. ಬಿಷಪ್ಪನು ಚರ್ಚಿನ ಬಾಗಿಲಲ್ಲಿ ಅರಸನನ್ನು ತಡೆದು ಗದರಿಸಿದನೆಂಬ, ಚಿತ್ರಕಾರರಿಗೆ ಪ್ರಿಯವಾದ ಕಥೆಯು ಮುಂದಿನವರು ಬೆಳೆಯಿಸಿದುದು. ನಡೆದುದು ಅದಕ್ಕಿಂತ ಶಾಂತವಾದುದು, ಅದಕ್ಕಿಂತ ದೊಡ್ಡದು. ಥಿಯೊಡೋಸಿಯಸನು ರಾಜಚಿಹ್ನೆಗಳನ್ನು ಕಳಚಿ, ಜನಸಮೂಹದ ಮಧ್ಯದಲ್ಲಿ ಅತ್ತು ಪ್ರಾಯಶ್ಚಿತ್ತವನ್ನು ಮಾಡಿಕೊಂಡು, ಆ ವರ್ಷದ ಕ್ರಿಸ್ತಜಯಂತಿಯಲ್ಲಿ ಪುನಃ ಸಭೆಗೆ ಸೇರಿದನು. ಕಠಿನ ಶಿಕ್ಷೆಯನ್ನು ವಿಧಿಸಿದ ಮೇಲೆ 30 ದಿನಗಳು ಕಳೆಯುವವರೆಗೆ ಅದನ್ನು ನಡೆಯಿಸಬಾರದೆಂಬ ಕಾನೂನನ್ನೂ ಪ್ರಾಚೀನ ಸಭಾಚರಿತ್ರೆಕಾರರು ಈ ಸಂದರ್ಭಕ್ಕೆ ಸೇರಿಸಿರುವರು. ತಪ್ಪನ್ನು ಒಪ್ಪಿಕೊಂಡರೆ ಪ್ರಭುತ್ವವು ಕುಂದುವುದೆಂಬುದು ಆಸ್ಥಾನದ ನೀತಿ. ಇಲ್ಲಿ ಒಪ್ಪಿಕೊಂಡುದರಿಂದಲೇ ಪ್ರಭುವಿನ ಗೌರವವು ಉಳಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಸ್ತೋತ್ರವಾಗುವುದೇ ಹೊರತು ಚರಿತ್ರೆಯಾಗದು. ಎರಡು ವರ್ಷಗಳ ಹಿಂದೆ, 388ರಲ್ಲಿ, ಯೂಫ್ರೆಟಿಸ್ ನದಿಯ ತೀರದ ಕಲ್ಲಿನಿಕಮ್ ಎಂಬ ಊರಿನಲ್ಲಿ ಕ್ರೈಸ್ತರು ತಮ್ಮ ಬಿಷಪ್ಪನ ಪ್ರೇರಣೆಯಿಂದ ಯೆಹೂದ್ಯರ ಪ್ರಾರ್ಥನಾಮಂದಿರವನ್ನು ಸುಟ್ಟಿದ್ದರು. ಆ ಬಿಷಪ್ಪನು ತನ್ನ ವೆಚ್ಚದಿಂದಲೇ ಅದನ್ನು ಕಟ್ಟಿಸಿಕೊಡಬೇಕೆಂದು ಥಿಯೊಡೋಸಿಯಸನು ಆಜ್ಞೆಮಾಡಿದನು. ಲೌಕಿಕನಾದ ಅರಸನ ಆ ಆಜ್ಞೆಯು ನ್ಯಾಯವಾದುದು. ಆಂಬ್ರೋಸನಾದರೋ ಅದನ್ನು ವಿರೋಧಿಸಿ, ಅರಸನು ಮಾತುಕೊಡುವವರೆಗೂ ಪೂಜೆಯನ್ನು ಮುಂದುವರಿಸದೆ ನಿಂತು, ಆಜ್ಞೆಯನ್ನು ರದ್ದುಗೊಳಿಸಿದನು. ಥೆಸಲೋನಿಕದ ಹತರಿಗಾಗಿ ಬಳಸಿದ ಸಾಧನವೇ ಇಲ್ಲಿ ಮನೆಸುಟ್ಟವರ ರಕ್ಷಣೆಗೆ ಬಳಸಲ್ಪಟ್ಟಿತು. ಕುರುಬನ ಕೋಲು ತನ್ನ ಮಂದೆಯನ್ನು ಮಾತ್ರ ಕಂಡಿತು; ನೆರೆಯವನ ಕಣ್ಣೀರನ್ನು ಕಾಣಲಿಲ್ಲ.

395ರ ಜನವರಿಯಲ್ಲಿ ಥಿಯೊಡೋಸಿಯಸನು ಮಿಲಾನಿನಲ್ಲಿ ತೀರಿಕೊಂಡನು. ಅವನ ಉತ್ತರಕ್ರಿಯೆಯಲ್ಲಿ ಮಾತನಾಡಿದ ಆಂಬ್ರೋಸನು, ತನ್ನನ್ನು ಹೊಗಳುವವನಿಗಿಂತ ತಿದ್ದುವವನನ್ನು ಮೆಚ್ಚಿದ ಅರಸನೆಂದು ಅವನನ್ನು ಕೊಂಡಾಡಿದನು. 397ರಲ್ಲಿ ತಾನೂ ಕಾಲವಾದನು. ಆ ಹೊಗಳಿಕೆಯಲ್ಲಿಯೇ ಇಬ್ಬರನ್ನೂ ಅಳೆಯತಕ್ಕ ಅಳತೆಗೋಲಿರುವುದು. ಅರಸನು ತಪ್ಪಿದಾಗ ತಪ್ಪೆಂದು ಹೇಳಲು ಆಂಬ್ರೋಸನಿದ್ದನು, ಅರಸನು ಕೇಳಿದನು. ಆಂಬ್ರೋಸನು ತಪ್ಪಿದಾಗ ಅರಸನು ತನ್ನ ನ್ಯಾಯವಾದ ಆಜ್ಞೆಯನ್ನು ಬಿಟ್ಟುಕೊಟ್ಟನು; ತಡೆಯುವವರು ಮತ್ತಾರೂ ಇರಲಿಲ್ಲ. ಸೇವೆಯ ಹೆಸರನ್ನು ಧರಿಸಿದ ಮಾತ್ರಕ್ಕೆ ಅಧಿಕಾರವು ಶುದ್ಧವಾಗದು, ದಂಡವನ್ನು ಹಿಡಿದ ಮಾತ್ರಕ್ಕೆ ಅಶುದ್ಧವೂ ಆಗದು. ತನ್ನನ್ನು ತಿದ್ದುವ ಮಾತನ್ನು ಕೇಳಲು ಸಿದ್ಧನಾಗಿರುವವನೇ, ಸಿಂಹಾಸನದಲ್ಲಿರಲಿ, ವೇದಿಕೆಯ ಮುಂದೆ ಇರಲಿ, ಜನರನ್ನು ನಡೆಯಿಸಲು ಅರ್ಹನು.